ನೂರು ದಾಟಿದ ಮೇಲೂ ಧರಣಿಗೆ ಬರುತ್ತಿದ್ದ ಮೇಷ್ಟ್ರು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಎಚ್.ಎಸ್. ದೊರೆಸ್ವಾಮಿ ಅವರ ಬಗ್ಗೆ ನಾಲ್ಕು ಮಾತು ಹೇಳೋಣ ಅಂತ ಬಂದಿದ್ದೇನೆ. ಸ್ವಾತಂತ್ರ್ಯ ಹೋರಾಟಗಾರರು ಅಂದ ತಕ್ಷಣ ನಮಗೆ ನೆನಪಾಗುವುದು ಆಗಸ್ಟ್ 15ರ ವೇದಿಕೆ, ಶಾಲು, ಹಾರ. ವರ್ಷಕ್ಕೊಮ್ಮೆ ಕರೆಸಿ, ಮುಂದಿನ ಸಾಲಿನಲ್ಲಿ ಕೂರಿಸಿ, ಕಾಫಿ ಕೊಟ್ಟು ಕಳಿಸುವುದು ರೂಢಿಯಾಗಿಬಿಟ್ಟಿದೆ. ದೊರೆಸ್ವಾಮಿ ಹಾಗೆ ಸುಮ್ನೆ ಕೂತವರಲ್ಲ. 1942ರಲ್ಲಿ ಕೈಗೆತ್ತಿಕೊಂಡ ಕೆಲಸವನ್ನು ನೂರು ವರ್ಷ ತುಂಬಿದ ಮೇಲೂ ಕೆಳಗಿಡಲಿಲ್ಲ.

ಅವರು ಹುಟ್ಟಿದ್ದು 1918ರ ಏಪ್ರಿಲ್ 10ರಂದು, ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿ. ಐದು ವರ್ಷದ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಸಾಕಿ ಬೆಳೆಸಿದ್ದು ಅಜ್ಜ ಶಾಮಣ್ಣ, ಊರಿನ ಶಾನುಭೋಗರು. ಆಮೇಲೆ ಓದು ಬೆಂಗಳೂರಿನಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, 1942ರ ಜೂನ್‌ನಲ್ಲಿ ಗಾಂಧಿನಗರದ ಹೈಸ್ಕೂಲೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರಾದರು.

ಜೂನ್‌ನಲ್ಲಿ ಕೆಲಸ ಸಿಕ್ಕಿತು. ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾಯಿತು. ತಂದೆಯಿಲ್ಲದೆ ಬೆಳೆದ ಮನೆಯ ಹುಡುಗನಿಗೆ ಹೈಸ್ಕೂಲು ಮೇಷ್ಟ್ರ ಕೆಲಸ ಅಂದರೆ ಆ ಕಾಲಕ್ಕೆ ಎಷ್ಟು ದೊಡ್ಡ ಆಸರೆ, ಯೋಚನೆ ಮಾಡಿ. ಅದನ್ನು ಪಣಕ್ಕಿಟ್ಟು ಅವರು ಚಳವಳಿಗೆ ಇಳಿದರು. ಗಾಂಧೀಜಿ ಮತ್ತು ದೊಡ್ಡ ನಾಯಕರೆಲ್ಲ ಆಗಸ್ಟ್ 9ರ ಬೆಳಿಗ್ಗೆಯೇ ಜೈಲು ಸೇರಿದ್ದರು. ಮುಂದೇನು ಮಾಡಬೇಕು ಅಂತ ಹೇಳುವವರೇ ಇರಲಿಲ್ಲ. ಬೆಂಗಳೂರಿನ ಹುಡುಗರು ತಮಗೆ ತೋಚಿದ ದಾರಿ ಹಿಡಿದರು. ಅಂಚೆ ಪೆಟ್ಟಿಗೆಗಳಲ್ಲಿ, ಸರ್ಕಾರಿ ಕಚೇರಿಗಳ ದಾಖಲೆ ಕೋಣೆಗಳಲ್ಲಿ ಸಣ್ಣ ಟೈಂ ಬಾಂಬುಗಳನ್ನು ಇಟ್ಟರು. ಆ ಕೆಲಸದಲ್ಲಿ ದೊರೆಸ್ವಾಮಿಯವರೂ ಇದ್ದರು. ಕಾಗದ ಪತ್ರ ಸುಟ್ಟುಹೋಗಬೇಕು, ಸರ್ಕಾರದ ವ್ಯವಹಾರ ನಿಲ್ಲಬೇಕು, ಆದರೆ ಒಬ್ಬ ಮನುಷ್ಯನಿಗೂ ಗಾಯ ಆಗಬಾರದು ಅನ್ನುವುದು ಅವರ ಲೆಕ್ಕ. ಗಾಂಧಿಯ ದಾರಿಯಲ್ಲಿ ಬಾಂಬು ಹೇಗೆ ಬಂತು ಅಂತ ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಮುಂದೆ ದೇಶಕ್ಕೆಲ್ಲ ಹೆಸರಾಂತ ಗಾಂಧಿವಾದಿ ಅನಿಸಿಕೊಂಡ ಮೇಲೂ ಅವರು ಈ ಅಧ್ಯಾಯವನ್ನು ಮುಚ್ಚಿಡಲಿಲ್ಲ. ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳಿದರು.

ಕಾರ್ಖಾನೆಗಳಲ್ಲಿ ಮುಷ್ಕರ ಮಾಡಿಸುವುದರಲ್ಲೂ ಅವರ ಕೈ ಇತ್ತು. ಕೊನೆಗೆ ಪೊಲೀಸರು ಹಿಡಿದರು. 14 ತಿಂಗಳು ಬೆಂಗಳೂರಿನ ಸೆಂಟ್ರಲ್ ಜೈಲು. ಆ ಜೈಲು ಇದ್ದ ಜಾಗ ನಿಮಗೆ ಗೊತ್ತಿರಬಹುದು. ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್. ಬ್ರಿಟಿಷರ ಕಾಲದಲ್ಲಿ ಅವರನ್ನು ಕೂಡಿಹಾಕಿದ ಆ ಜಾಗಕ್ಕೇ 2011ರಲ್ಲಿ ಭ್ರಷ್ಟಾಚಾರದ ವಿರುದ್ಧ ಚಳವಳಿ ನಡೆದಾಗ ಅವರು ಮತ್ತೆ ಬಂದರು. ಆಗ ಅವರಿಗೆ 93.

ಜೈಲಿನಿಂದ ಹೊರಬಂದ ಮೇಲೆ ಮೈಸೂರಿಗೆ ಹೋಗಿ ಪುಸ್ತಕದಂಗಡಿ ನಡೆಸಿದರು, ‘ಪೌರವಾಣಿ’ ಅನ್ನುವ ಪತ್ರಿಕೆ ನಡೆಸಿದರು. ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ. 1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರು ಸಂಸ್ಥಾನದ ಜನರ ಕೈಗೆ ಮಾತ್ರ ಆಡಳಿತ ಬರಲಿಲ್ಲ. ಮಹಾರಾಜರ ಸರ್ಕಾರವೇ ಮುಂದುವರಿಯಿತು. ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಕೊಡುವ ಸರ್ಕಾರ ಬೇಕು ಅಂತ ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಶುರುವಾಯಿತು. ಶಾಲೆ ಕಾಲೇಜು ಹುಡುಗರು ಬೀದಿಗೆ ಬಂದರು. ಮೈಸೂರಿನಲ್ಲಿ ರಾಮಸ್ವಾಮಿ ಅನ್ನುವ ಹೈಸ್ಕೂಲು ಹುಡುಗ ಗುಂಡೇಟಿಗೆ ಬಲಿಯಾದ. ಇವತ್ತಿಗೂ ಅಲ್ಲಿನ ರಾಮಸ್ವಾಮಿ ಸರ್ಕಲ್‌ಗೆ ಇರುವುದು ಆ ಹುಡುಗನ ಹೆಸರೇ. ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ ಆ ಹೆಸರು ಕೂಗಿದರೆ, ಪಕ್ಕದಲ್ಲಿರುವ ಮಗುವಿಗೆ ಒಂದು ಮಾತು ಹೇಳಿ.

ಇಂಥ ಹೊತ್ತಿನಲ್ಲಿ ಪತ್ರಿಕೆ ನಡೆಸುವುದು ಸುಲಭವಿರಲಿಲ್ಲ. ಸರ್ಕಾರ ಅಡ್ಡಗಾಲು ಹಾಕಿದಾಗ ದೊರೆಸ್ವಾಮಿ ಪತ್ರಿಕೆಯನ್ನು ಹಿಂದೂಪುರಕ್ಕೆ ಸಾಗಿಸಿದರು. ಹಿಂದೂಪುರ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಗಡಿ ದಾಟಿದರೆ ಮೈಸೂರಿನ ಪೊಲೀಸರ ಕೈಗೆ ಸಿಗುವ ಹಾಗಿಲ್ಲ. ಸಂಸ್ಥಾನದ ಸುದ್ದಿ ಗಡಿಯಾಚೆ ಅಚ್ಚಾಗತೊಡಗಿತು. ಅಕ್ಟೋಬರ್ ಹೊತ್ತಿಗೆ ಅರಮನೆ ಒಪ್ಪಿತು. ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿಯಾದರು.

ಅವತ್ತು ಜೊತೆಗೆ ಹೋರಾಡಿದ ಹಲವರು ಮಂತ್ರಿಗಳಾದರು. ದೊರೆಸ್ವಾಮಿ ಮಂತ್ರಿಗಿರಿಯ ಕಡೆ ಹೋಗಲಿಲ್ಲ. ವಿನೋಬಾ ಅವರ ಭೂದಾನ ಚಳವಳಿಯಲ್ಲಿ ದುಡಿದರು, ಕರ್ನಾಟಕ ಏಕೀಕರಣಕ್ಕೆ ಓಡಾಡಿದರು. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಪ್ರಧಾನಿ ಇಂದಿರಾ ಗಾಂಧಿಯವರಿಗೇ ನೇರವಾಗಿ ಕಾಗದ ಬರೆದರು. ನೀವು ಸರ್ವಾಧಿಕಾರಿಯ ಹಾಗೆ ನಡೆದುಕೊಳ್ಳುತ್ತಿದ್ದೀರಿ, ಇದನ್ನು ಜನರಿಗೆ ಹೇಳುತ್ತೇನೆ ಅನ್ನುವುದು ಅದರ ಸಾರ. ಮತ್ತೆ ಜೈಲು. ಬ್ರಿಟಿಷರ ಜೈಲು ಕಂಡವರಿಗೆ ಸ್ವತಂತ್ರ ಭಾರತದ ಜೈಲಿನ ಕಂಬಿ ಹೇಗೆ ಕಂಡಿರಬೇಡ! ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆದರೂ ನನಗೆ ಜಾಸ್ತಿ ಬೆರಗು ಹುಟ್ಟಿಸಿದ್ದು ಅವರ ಕೊನೆಯ ಹತ್ತು ವರ್ಷ. ಬೆಂಗಳೂರಿನ ಕಸವನ್ನೆಲ್ಲ ತಂದು ಮಂಡೂರಿನಲ್ಲಿ ಸುರಿಯುತ್ತಿದ್ದಾಗ, ನಾತ ತಡೆಯಲಾರದೆ ಬೀದಿಗಿಳಿದ ಊರಿನವರ ಜೊತೆ ನಿಂತರು. ಬೆಂಗಳೂರಿನ ಸುತ್ತಮುತ್ತ ದೊಡ್ಡವರು ನುಂಗಿದ ಸರ್ಕಾರಿ ಭೂಮಿಯನ್ನು ವಾಪಸ್ ಪಡೆಯಿರಿ, ಆ ಭೂಕಬಳಿಕೆಯ ತನಿಖೆ ಮಾಡಿದ ಎ.ಟಿ. ರಾಮಸ್ವಾಮಿ ಸಮಿತಿಯ ವರದಿಯನ್ನು ಜಾರಿ ಮಾಡಿ ಅಂತ ವಾರಗಟ್ಟಲೆ ಧರಣಿ ಕೂತರು. ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ಅವರ ಪರ ದನಿ ಎತ್ತಿದರು. ಆಗ 98 ವರ್ಷ. ಆ ವಯಸ್ಸಿನಲ್ಲಿ ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಂಡು ಕೂತರೂ ಯಾರೂ ಬೇಡ ಅನ್ನುತ್ತಿರಲಿಲ್ಲ, ಅಲ್ವಾ?

ಬಿಳಿ ಖಾದಿ, ತೆಳ್ಳನೆ ಮೈ. ಮಾತಿಗೆ ನಿಂತರೆ ಒಳಗಿನ ಮೇಷ್ಟ್ರು ಎದ್ದು ಕಾಣುತ್ತಿದ್ದರು. ಭೂಮಿ ಯಾರದು, ಯಾವ ಕಾನೂನು ಏನು ಹೇಳುತ್ತದೆ, ಸರ್ಕಾರ ಎಲ್ಲಿ ತಪ್ಪಿತು ಅಂತ ಒಂದೊಂದಾಗಿ ಬಿಡಿಸಿಡುತ್ತಿದ್ದರು. ಕೇಳುವವರು ಮೊಮ್ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು. ಶಾಲೆಯಲ್ಲಿ ಅವರು ಪಾಠ ಮಾಡಿದ್ದು ಕೆಲವೇ ದಿನ ಇರಬಹುದು. ಅವರ ಹತ್ತಿರ ಪಾಠ ಕಲಿತವರು ಮಾತ್ರ ಮೂರು ನಾಲ್ಕು ತಲೆಮಾರಿನವರು.

2019ರಲ್ಲಿ ಪತ್ನಿ ಲಲಿತಮ್ಮ ತೀರಿಕೊಂಡರು. ಬಾಡಿಗೆ ಮನೆಯ ಸಂಸಾರವನ್ನು, ಯಾವಾಗ ಜೈಲಿಗೆ ಹೋಗುತ್ತಾರೋ ಯಾವಾಗ ಧರಣಿಗೆ ಹೋಗುತ್ತಾರೋ ಗೊತ್ತಿಲ್ಲದ ಗಂಡನನ್ನು ಅಷ್ಟು ವರ್ಷ ಸಂಭಾಳಿಸಿದವರು ಆಕೆ. ದೊರೆಸ್ವಾಮಿಯವರನ್ನು ನೆನೆಯುವಾಗ ಆ ತಾಯಿಯನ್ನೂ ನೆನೆಯಬೇಕು. 2021ರಲ್ಲಿ ಕೊರೊನಾ ತಗುಲಿದಾಗ ದೊರೆಸ್ವಾಮಿ ಅದನ್ನೂ ಗೆದ್ದು ಬಂದರು. ಆದರೆ ಮೇ 26ರಂದು ಹೃದಯ ನಿಂತಿತು. 103 ವರ್ಷ. ಲಾಕ್‌ಡೌನ್ ಕಾಲ. ಅವರ ಜೊತೆ ಧರಣಿ ಕೂತ ಎಷ್ಟೋ ಮಂದಿಗೆ ಕೊನೆಯ ಸಲ ಹೋಗಿ ಕೈಮುಗಿಯಲೂ ಆಗಲಿಲ್ಲ.

ಕೊನೆಗೊಂದು ಕೋರಿಕೆ. ಮೈಸೂರು ಚಲೋ ಕಂಡ ಅಜ್ಜ ಅಜ್ಜಿಯರು ಕೆಲವರಾದರೂ ನಮ್ಮ ನಡುವೆ ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥವರಿದ್ದರೆ, ಈ ವಾರವೇ ಹೋಗಿ ಹತ್ತಿರ ಕೂತು ಮಾತಾಡಿಸಿ. ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಊರಿನ ಹೆಸರು, ಇಸವಿ, ಜೊತೆಗಿದ್ದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮೂರ ಶಾಲೆಯ ಮೇಷ್ಟ್ರಿಗೂ ಅದನ್ನು ಕೇಳಿಸಿ.

ನಮಸ್ಕಾರ.