ಗೋವಾದ ಮಳಿ ಕೊಡ್ರಿ, ಆಮ್ಯಾಲೆ ಹಸಿರಿನ ಮಾತಾಡ್ರಿ

ನಮಸ್ಕಾರ್ರೀ, ಕೊಪ್ಪಳದಿಂದ ನಿಮ್ಮ ತಮ್ಮ ಮಾತಾಡಾಕತ್ತೀನಿ. ಇವತ್ತಿನ ವಿಡಿಯೋ ಬ್ಯಾರೆದ್ದ ಇತ್ತು, ಅದನ್ನ ಬದಿಗಿಟ್ಟೆ. ಯಾಕಂದ್ರ ಒಬ್ಬರು ಅಣ್ಣಾರು ಕಮೆಂಟ್ ಹಾಕ್ಯಾರ: "ನಿಮ್ಮ ಕಡೆ ಜನ ಒಂದು ಗಿಡ ನೆಡಲ್ಲ, ಅದಕ್ಕೇ ರಾಯಚೂರು, ಬಳ್ಳಾರಿ, ಕೊಪ್ಪಳ ಎಲ್ಲಾ ಬೋಳು. ಮಲೆನಾಡು ನೋಡಿ ಕಲಿಯಿರಿ."

ಆಯ್ತು, ಕಲಿಯೂಣ. ನಕಾಶೆ ತಗೀರಿ. ಪಣಜಿ ಮ್ಯಾಲೆ ಬೆರಳಿಟ್ಟು ಪೂರ್ವಕ್ಕ ಎಳೀರಿ. ಸುಮಾರು 250 ಕಿಲೋಮೀಟರಿಗೆ ಕೊಪ್ಪಳ. ಹೆಚ್ಚೂಕಡಿಮಿ ಅದೇ ಅಕ್ಷಾಂಶ, ಅದೇ ಸೂರ್ಯ. ಅಲ್ಲಿ ವರ್ಷಕ್ಕ ಸುಮಾರು 3000 ಮಿಲಿಮೀಟರ್ ಮಳಿ, ನಮಗ 600ರ ಆಸುಪಾಸು. ನಡುವ ಏನೈತಿ? ಸಹ್ಯಾದ್ರಿ! ಸಮುದ್ರದ ಗಾಳಿ ಗುಡ್ಡ ಏರಿ, ತಣ್ಣಗಾಗಿ, ಇದ್ದಬದ್ದ ನೀರೆಲ್ಲ ಆ ಕಡೀನ ಸುರದು, ಈ ಕಡಿ ಇಳಿಯೂ ಹೊತ್ತಿಗೆ ಒಣಾ ಗಾಳಿ ಆಗಿರ್ತೈತಿ. ನಾವು ಗಿಡ ಹಚ್ಚಲಿಲ್ಲಂತ ಸಹ್ಯಾದ್ರಿ ಎದ್ದು ನಿಂತಿಲ್ಲ ಅಣ್ಣಾರ.

ದಕ್ಷಿಣ ಅಮೆರಿಕಾದಾಗೂ ಇದ ಕಥಿ. ಚಿಲಿಯ ದಕ್ಷಿಣದಾಗ ಆಂಡಿಸ್ ಪರ್ವತದ ಪಶ್ಚಿಮಕ್ಕ ದಟ್ಟ ಕಾಡು, ಪೂರ್ವಕ್ಕ ಇಳಿದ್ರ ಪ್ಯಾಟಗೋನಿಯಾದ ಕುರುಚಲು. ಅಲ್ಲಿಯವರೂ ಸೋಮಾರಿಗಳೇನು? 1982ರಿಂದ 1999ರ ತನಕದ ಉಪಗ್ರಹದ ಮಾಹಿತಿ ಹಿಡದು 2003ರಾಗ 'ಸೈನ್ಸ್' ಪತ್ರಿಕಿಯೊಳಗ ಲೆಕ್ಕ ಬಂತು: ಜಗತ್ತಿನ ಹಸಿರು ನೆಲದಾಗ ನೂರಕ್ಕ 40 ಭಾಗಕ್ಕ ನೀರಿನ ಕೊರತಿನ ಅಡ್ಡಿ, 33ಕ್ಕ ಚಳಿ, 27ಕ್ಕ ಬೆಳಕು. ಜನರ ಸೋಮಾರಿತನ ಆ ಪಟ್ಟಿಯೊಳಗಿಲ್ಲ, ನಾ ಹುಡಿಕೀನಿ.

(ಇಷ್ಟು ಹುಡುಕಾಕ ಡೇಟಾ ಖರ್ಚಾಗ್ತೈತಿ. ಸಬ್‌ಸ್ಕ್ರೈಬ್ ಬಟನ್ ಒತ್ತಾಕ ರೊಕ್ಕ ಹತ್ತಂಗಿಲ್ಲ. ಒತ್ರಿ.)

ಇನ್ನ ಅಣ್ಣಾರು ಆ ಕಮೆಂಟಿನ ಜೋಡಿ ಹಾಕಿದ ನಮ್ಮ ಕಡೀ ಫೋಟೋ. ಏಪ್ರಿಲ್ ತಿಂಗಳದ್ದು! ಏಪ್ರಿಲ್‌ದಾಗ ನಮ್ಮ ಎರಿ (ಕರಿಮಣ್ಣಿನ) ಹೊಲದಾಗ ಏನ್ ಕಾಣ್ತೈತಿ? ಬಿರುಕು. ಆ ಬಿರುಕಿನ್ಯಾಗ ಮೊಳಕೈ ಮಟ ಕೈ ಇಳೀತೈತಿ. ಅದೇ ಹೊಲಕ್ಕ ಡಿಸೆಂಬರ್‌ದಾಗ ಬರ್ರಿ. ಮುಂಗಾರಿ ನೀರು ಕುಡದು ಹಿಡಕೊಂಡ ಎರಿಯೊಳಗ ಬರೇ ಹಸಿ ಮ್ಯಾಲೆ, ಇಬ್ಬನಿ ಮ್ಯಾಲೆ ಹಿಂಗಾರಿ ಬಿಳಿಜೋಳ ಆಳೆತ್ತರ ನಿಂತಿರ್ತೈತಿ. ಪಕ್ಕದ ಮಸಾರಿಯೊಳಗ (ಕೆಂಪುಮಣ್ಣಿನ ಹೊಲದಾಗ) ಆ ಹೊತ್ತಿಗೆ ಏನೂ ಇರಂಗಿಲ್ಲ. ಮಳಿ ಒಂದ, ಹಿಡಕೊಳ್ಳೂ ಮಣ್ಣು ಬ್ಯಾರೆ. ಕಲ್ಲುಗುಡ್ಡ ನೋಡ್ರಿ: ನೆತ್ತಿ ಬೋಳು, ಆದ್ರ ಬಂಡಿಗಲ್ಲಿನ ಮ್ಯಾಲಿನ ನೀರೆಲ್ಲ ಜಾರಿ ಬುಡಕ್ಕ ಬಂದು ಅಲ್ಲಿ ಸೀತಾಫಲ ದಟ್ಟ ಬೆಳದಿರ್ತಾವ. ಉಪಗ್ರಹದಾಗಿನ ಮೋಡಿಸ್ ಅನ್ನೂ ಉಪಕರಣ 250 ಮೀಟರ್ ಚೌಕದಾಗ ಹಸಿರು ಅಳೀತೈತಿ. ನೆತ್ತಿ, ಬುಡ ಎರಡೂ ಕೂಡಿಸಿ ಒಂದ ಅಂಕಿ ಕೊಡ್ತೈತಿ. ಅಂಥಾ ಅಂಕಿ ಹಿಡಕೊಂಡು ನಮಗ ಪಾಠ ಹೇಳಾವ್ರೂ ಅದಾರ!

"ಹಂಗಾರ ಗಂಗಾವತಿ, ಸಿಂಧನೂರು ಹಸಿರು ಹೆಂಗ?" ಅಂತೀರಿ. ಭಾಳ ಶ್ಯಾಣ್ಯಾ. ತುಂಗಭದ್ರಾ ಕಾಲುವಿ! ತುಂಗಾ, ಭದ್ರಾ ಎರಡೂ ಹುಟ್ಟೂದು ಎಲ್ಲಿ? ಗಂಗಾಮೂಲದಾಗ, ಸಹ್ಯಾದ್ರಿಯೊಳಗ. ಗಂಗಾವತಿ ಭತ್ತ ಕುಡಿಯೂದೂ ಮಲೆನಾಡಿನ ಮಳಿನ. ಮತ್ತ ನನ್ನ ಮಾತಿಗೇ ಬಂದ್ರಿ. ಮಳಿ!

"ಗಿಡ ಹಚ್ಚಿದ್ರ ಮಳಿ ತಾನ ಬರ್ತೈತಿ." ಹೌದ್ರಿ, ತಟ್ಟಿ ಇಟ್ರ ಊಟ ತಾನ ಬರ್ತೈತಿ. ಆಸ್ಟ್ರೇಲಿಯಾದ ಒಣ ಬಯಲಿನ್ಯಾಗ 2010, 2011ರಾಗ ಲಾ ನಿನಾ (ಶಾಂತ ಸಾಗರದ ನೀರು ತಂಪಾಗಿ ಹವಾ ಬದಲಾಗೂದು) ಮಳಿ ಸುರೀತು. 2011ರಾಗ ಜಗತ್ತಿನ ನೆಲದ ಗಿಡಗಂಟಿ ಚಿಗತು ಗಾಳಿಯಿಂದ ಹೆಚ್ಚಿಗಿ ಹೀರಿದ ಕಾರ್ಬನ್‌ದಾಗ ದೊಡ್ಡ ಪಾಲು ಅಂಥಾ ಅರೆಒಣ ನೆಲಗಳದ್ದ. ಯಾರು ವನಮಹೋತ್ಸವ ಮಾಡಿದ್ರಲ್ಲಿ? ಯಾವ ಸಾಹೇಬ್ರು ಸಸಿ ಹಿಡಕೊಂಡು ಫೋಟೋ ತಗಸಿದ್ರು? ಮಳಿ ಬಂತು, ಚಿಗೀತು. ಅಷ್ಟ.

ಈಗ ಯಾರೋ "ಇಸ್ರೇಲ್ ನೋಡ್ರಿ" ಅಂತ ಟೈಪ್ ಮಾಡಾಕತ್ತಿರ್ತಾರ, ನನಗ ಗೊತ್ತೈತಿ. ಮಾಡ್ರಿ. ನಾ ಓದಂಗಿಲ್ಲ. ಮಳಿ ರೀ, ಮಳಿ! ಗುಡ್ಡ ರೀ, ಗುಡ್ಡ! ಇನ್ನೆಷ್ಟು ಸರ್ತಿ ಹೇಳ್ಲಿ? ಗಂಟಲಾ ಒಣಗಿತು. ಮೆಂಬರ್ ಆದವರಿಗೆ ಜೋಳದ ಹೊಲದ ವಿಡಿಯೋ ಬ್ಯಾರೆ ಐತಿ, ಡಿಸೆಂಬರ್‌ದಾಗ ತಗದದ್ದು. ಆ ಅಣ್ಣಾರಿಗೆ ಫ್ರೀ. ಲಿಂಕ್ ಕೆಳಗ ಹಾಕೀನಿ, ಒತ್ರಿ ಅಣ್ಣಾರ, ಒತ್ರಿ.