ಬ್ಯಾಂಕಿನ ಹಾದಿ ಕಾಯುವ ಹಣ

ಕೇಳುಗರೆ, ನಮಸ್ಕಾರ.

ಗ್ರಾಹಕರೊಬ್ಬರು ಬಾಕಿ ತೀರಿಸಲು ಒಂದು ಚೆಕ್ ಕೊಟ್ಟರು ಅನ್ನಿ. ಗುಮಾಸ್ತರು ರಸೀದಿ ಬರೆದುಕೊಟ್ಟರು, ಗ್ರಾಹಕರ ಖಾತೆಯಲ್ಲಿ ಬಾಕಿ ಚುಕ್ತಾ ಆಯಿತು. ಚೆಕ್ಕು ಮಾತ್ರ ಇನ್ನೂ ಮೇಜಿನ ಖಾನೆಯಲ್ಲಿದೆ. ಲೆಡ್ಜರ್ ತೆಗೆದರೆ ಹಣ ಬಂದಿದೆ, ಪಾಸ್‌ಬುಕ್ ತೆಗೆದರೆ ಬಂದಿಲ್ಲ. ಇಂಥ ಹಣ ಯಾರ ವಶದಲ್ಲಿದೆ, ಯಾವತ್ತಿನಿಂದ ಕಾಯುತ್ತಿದೆ ಎಂದು ಹೇಳುವ ವರದಿಯೊಂದಿದೆ. ತುಂಬ ಕಚೇರಿಗಳಲ್ಲಿ ಅದನ್ನು ಯಾರೂ ತೆರೆದೇ ನೋಡುವುದಿಲ್ಲ. ಇವತ್ತಿನ ಮಾತು ಅದರ ಬಗ್ಗೆ.

ಈ ಹಣಕ್ಕೆ ಲೆಕ್ಕದಲ್ಲಿ ಬೇರೆಯೇ ಒಂದು ಖಾತೆ ಇರುತ್ತದೆ. ಕ್ವಿಕ್‌ಬುಕ್ಸ್ ಎಂಬ ಲೆಕ್ಕದ ತಂತ್ರಾಂಶ ಬಳಸುವವರು ಅದನ್ನು ಅನ್‌ಡಿಪಾಸಿಟೆಡ್ ಫಂಡ್ಸ್, ಅಂದರೆ ಬ್ಯಾಂಕಿಗೆ ಇನ್ನೂ ಕಟ್ಟದ ಹಣ, ಎಂಬ ಹೆಸರಿನಲ್ಲಿ ಬಲ್ಲರು. ಆರಕಲ್‌ನಂಥ ದೊಡ್ಡ ತಂತ್ರಾಂಶದಲ್ಲಿ ವಸೂಲಿಗೆ ಮೂರು ಹಂತಗಳು: ಖಚಿತವಾದದ್ದು, ಬ್ಯಾಂಕಿಗೆ ಕಳಿಸಿದ್ದು, ಬ್ಯಾಂಕಿನಲ್ಲಿ ಪಾಸಾದದ್ದು. ಮೊದಲ ಹಂತದಲ್ಲೇ ನಿಂತುಬಿಟ್ಟ ರಸೀದಿಗಳ ಪಟ್ಟಿಯೇ ನಾನು ಹೇಳುತ್ತಿರುವ ವರದಿ.

ಬೇರೆ ಖಾತೆ ಯಾಕೆ ಬೇಕು? ಒಂದು ದಿನ ಮೂವರು ಹಣ ಕೊಟ್ಟರು. ಒಬ್ಬರದು 3,000, ಇನ್ನೊಬ್ಬರದು 4,500, ಮತ್ತೊಬ್ಬರದು 2,500. ಮೂರನ್ನೂ ಒಂದೇ ಚಲನ್‌ನಲ್ಲಿ ಕಟ್ಟಿದರೆ ಬ್ಯಾಂಕಿನ ಪಟ್ಟಿಯಲ್ಲಿ ಕಾಣುವುದು 10,000 ಎಂಬ ಒಂದೇ ಸಾಲು. ಮೂರನ್ನು ಆ ಒಂದರ ಜೊತೆ ಕಟ್ಟುವ ಗಂಟು ಈ ಖಾತೆ. ತೊಂದರೆ ಶುರುವಾಗುವುದೂ ಇಲ್ಲಿಯೇ. ಬ್ಯಾಂಕಿನ ಪಟ್ಟಿ ಹಿಡಿದು ಕೂತ ಗುಮಾಸ್ತರಿಗೆ 10,000 ಎಲ್ಲಿಂದ ಬಂತೆಂದು ಹೊಳೆಯುವುದಿಲ್ಲ. ಹೊಸ ವ್ಯಾಪಾರವೆಂದು ಬರೆದುಬಿಡುತ್ತಾರೆ. ಆಗ ಅದೇ ಹಣ ಆದಾಯದಲ್ಲಿ ಎರಡು ಸಲ ಕೂತಿತು. ಮೂರು ರಸೀದಿಗಳು ಎಂದೂ ಬಾರದ ಚಲನ್‌ಗಾಗಿ ಕಾಯುತ್ತಲೇ ಉಳಿದವು. ವರ್ಷದ ಕೊನೆಗೆ ಗಳಿಸದ ಲಾಭಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. ಮೋಸದ ಉದ್ದೇಶ ಯಾರಿಗೂ ಇರಲಿಲ್ಲ. ಆದರೂ ನಷ್ಟ ನಷ್ಟವೇ.

ಹಾಗಾಗಿ ವರದಿ ಕೈಗೆ ಬಂದಾಗ ಕೆಳಗಿನ ಮೊತ್ತಕ್ಕಿಂತ ಮೊದಲು ನಾನು ತಾರೀಖಿನ ಅಂಕಣ ನೋಡುತ್ತೇನೆ. ತೀರಾ ಹಳೆಯ ರಸೀದಿ ಮೇಲೆ ಬರುವಂತೆ ಜೋಡಿಸಿಕೊಳ್ಳಿ. ನಿನ್ನೆಯದು ಕಾಯುತ್ತಿದ್ದರೆ ಸಹಜ. ಎರಡು ತಿಂಗಳ ಹಿಂದಿನದು ಕಾಯುತ್ತಿದ್ದರೆ ಎದ್ದುಹೋಗಿ ಖಾನೆ ತೆರೆದು ಆ ಚೆಕ್ಕನ್ನು ಕಣ್ಣಾರೆ ನೋಡಬೇಕು. ಚೆಕ್ಕಿಗೂ ಆಯುಸ್ಸಿದೆ. ಭಾರತದಲ್ಲಿ 2012ರ ಏಪ್ರಿಲ್‌ನಿಂದ ಅದು ಮೂರೇ ತಿಂಗಳು. ಅಮೆರಿಕದಲ್ಲಿ ಆರು ತಿಂಗಳು ದಾಟಿದ ಸಾಮಾನ್ಯ ಚೆಕ್ಕಿಗೆ ಹಣ ಕೊಡಲೇಬೇಕೆಂಬ ಹೊಣೆ ಬ್ಯಾಂಕಿಗಿಲ್ಲ. ಮುಂದಿನ ತಾರೀಖು ಹಾಕಿದ ಚೆಕ್ಕುಗಳನ್ನು ಈ ಪಟ್ಟಿಗೆ ಸೇರಿಸದೆ ಬೇರೆಯಾಗಿಡಿ. ಬೆರೆಸಿದರೆ ಯಾವುದು ತಡವಾಗಿದೆ ಎಂಬುದೇ ತಿಳಿಯದು.

ಮೊತ್ತ ಸೊನ್ನೆಗಿಂತ ಕೆಳಗಿಳಿದಿದ್ದರೆ? ಖಾಲಿ ಖಾನೆಯಿಂದ ಹಣ ತೆಗೆದು ಬ್ಯಾಂಕಿಗೆ ಕಟ್ಟಲು ಯಾರಿಂದಲೂ ಆಗದು. ಒಂದೇ ಜಮಾ ಎರಡು ಸಲ ಬರೆದಿರಬೇಕು, ಇಲ್ಲವೇ ಜಮಾ ಆದ ಮೇಲೆ ಯಾರೋ ರಸೀದಿ ಅಳಿಸಿರಬೇಕು.

ಇನ್ನೊಂದು ಅಂಕಣವನ್ನು ಖಂಡಿತ ಬಿಡಬೇಡಿ: ನಗದೋ, ಚೆಕ್ಕೋ, ಕಾರ್ಡೋ ಎಂಬುದು. ಸೋಮವಾರ ಒಬ್ಬರು ಕೊಟ್ಟ ನಗದು ಯಾರದೋ ಜೇಬು ಸೇರಿತು ಅಂದುಕೊಳ್ಳಿ. ಬುಧವಾರ ಬಂದ ಇನ್ನೊಬ್ಬರ ಚೆಕ್ಕನ್ನು ಮೊದಲನೆಯವರ ಲೆಕ್ಕಕ್ಕೆ ಹೊಂದಿಸುತ್ತಾರೆ. ಶುಕ್ರವಾರ ಮೂರನೆಯವರ ಹಣ ಎರಡನೆಯವರಿಗೆ. ಅವನ ಟೋಪಿ ಇವನಿಗೆ, ಇವನ ಟೋಪಿ ಇನ್ನೊಬ್ಬನಿಗೆ. ಆಡಿಟರುಗಳು ಇದನ್ನು ಲ್ಯಾಪಿಂಗ್ ಅನ್ನುತ್ತಾರೆ. ಮೊತ್ತ ನೋಡಿದರೆ ಎಲ್ಲವೂ ತಾಳೆಯಾಗಿರುತ್ತದೆ. ಆದರೆ ರಸೀದಿಯಲ್ಲಿ ನಗದು, ಚಲನ್‌ನಲ್ಲಿ ಚೆಕ್ಕು! ಗುಟ್ಟು ಹೊರಬೀಳುವುದು ಅಲ್ಲಿ.

ಅದಕ್ಕೇ ಹಣ ಎಣಿಸುವವರು, ಲೆಡ್ಜರ್ ಬರೆಯುವವರು, ಈ ವರದಿ ತೆಗೆಯುವವರು ಬೇರೆ ಬೇರೆಯಾಗಿರಲಿ ಎನ್ನುವುದು. ಸಂಶಯಪಟ್ಟು ಹೇಳುವ ಮಾತೆಂದು ಯಾರೂ ನೊಂದುಕೊಳ್ಳಬೇಡಿ. ಪ್ರಾಮಾಣಿಕ ಕ್ಯಾಷಿಯರನ್ನು ಕಾಪಾಡುವ ಏರ್ಪಾಟೂ ಇದೇ. ಇಬ್ಬರೇ ಇರುವ ಸಣ್ಣ ಕಚೇರಿಯಾದರೆ ಬ್ಯಾಂಕಿನ ಲಕೋಟೆಯನ್ನು ಮಾಲೀಕರೇ ಒಡೆದು ಓದಲಿ. ಬಂದ ಹಣದಲ್ಲಿ ಚಿಲ್ಲರೆ ಖರ್ಚು ಮಾಡಿ ಉಳಿದದ್ದನ್ನು ಕಟ್ಟುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಬಂದದ್ದು ಬಂದಂತೆ ಬ್ಯಾಂಕಿಗೆ ಹೋಗದಿದ್ದರೆ ರಸೀದಿಗೂ ಚಲನ್‌ಗೂ ಎಂದೂ ತಾಳೆ ಬೀಳದು.

ಲೆಕ್ಕದ ವರ್ಷ ಮುಗಿಯುವ ಸಂಜೆ ಈ ಪಟ್ಟಿಯನ್ನು ಮುದ್ರಿಸಿ, ಖಾನೆಯಲ್ಲಿರುವ ನೋಟು, ಚೆಕ್ಕುಗಳನ್ನು ಪಕ್ಕದಲ್ಲಿಟ್ಟು ಇಬ್ಬರು ಕೂತು ಎಣಿಸಿ, ಸಹಿ ಹಾಕಿ. ಕಾರ್ಡಿನ ವಸೂಲಿಗೆ ಯಂತ್ರದ ಚೀಟಿಗಳೇ ಸಾಕ್ಷಿ. ಹೊಸ ವರ್ಷದ ಮೊದಲ ದಿನಗಳ ಬ್ಯಾಂಕ್ ಪಟ್ಟಿಯಲ್ಲಿ ಆ ಮೊತ್ತಗಳು ಒಂದೊಂದಾಗಿ ಕಾಣಬೇಕು. ಯಾವುದು ಕಾಣಲಿಲ್ಲವೋ ಅದಕ್ಕೆ ಅವತ್ತೇ ಗುರುತು ಹಾಕಿ, ಗ್ರಾಹಕರಿಗೆ ಫೋನ್ ಮಾಡಿ.

ನಮಸ್ಕಾರ.