ಹಲ್ಲಿನ ಇಂಜೆಕ್ಷನ್: ನೋವಿನ ಸುದ್ದಿ ಎಲ್ಲಿ ನಿಲ್ಲುತ್ತದೆ?

(ದೃಶ್ಯ: ಕನ್ನಡಿಯಲ್ಲಿ ತುಟಿ ಮುಟ್ಟಿ ನೋಡುತ್ತಿರುವ ಒಬ್ಬರು)

ಒಸಡಿಗೆ ಇಂಜೆಕ್ಷನ್ ಕೊಟ್ಟು ಐದು ನಿಮಿಷ ಆಗಿರುತ್ತದೆ. ತುಟಿ ಊದಿದ ಹಾಗೆ ಅನ್ನಿಸುತ್ತದೆ, ಅಲ್ವಾ? ಕನ್ನಡಿ ನೋಡಿದರೆ ಇದ್ದ ಹಾಗೇ ಇದೆ. ತುಟಿಗೆ ಏನೂ ಆಗಿಲ್ಲ, ಅಲ್ಲಿಂದ ಮೆದುಳಿಗೆ ಸುದ್ದಿ ಹೋಗುತ್ತಿಲ್ಲ ಅಷ್ಟೇ.

(ದೃಶ್ಯ: ನರದ ಒಂದು ಎಳೆ, ಹತ್ತಿರದಿಂದ)

ನರದ ಉದ್ದಕ್ಕೂ ಪುಟ್ಟ ಬಾಗಿಲುಗಳಿವೆ. ಇವೇ ಸೋಡಿಯಂ ಚಾನೆಲ್‌ಗಳು. ಹಲ್ಲಿಗೆ ನೋವಾದಾಗ ಒಂದು ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಅದರಿಂದ ಪಕ್ಕದ ಬಾಗಿಲು ತೆರೆಯುತ್ತದೆ, ಆಮೇಲೆ ಅದರ ಪಕ್ಕದ್ದು. ಹೀಗೇ ಸುದ್ದಿ ಮೆದುಳು ಮುಟ್ಟುತ್ತದೆ.

ಇಂಜೆಕ್ಷನ್‌ನಲ್ಲಿರುವ ಮರಗಟ್ಟಿಸುವ ಔಷಧ ಲಿಡೋಕೇನ್ ಈ ಬಾಗಿಲನ್ನು ಮುಚ್ಚುತ್ತದೆ, ಅದೂ ಒಳಗಿನಿಂದ. ವಿದ್ಯುತ್ ಚಾರ್ಜ್ ಇಲ್ಲದ ರೂಪದಲ್ಲಿ ನರದ ಕೊಬ್ಬಿನ ಪೊರೆ ದಾಟುತ್ತದೆ. ಒಳಗೆ ಹೋದ ಮೇಲೆ ಚಾರ್ಜ್ ಪಡೆದು ಚಾನೆಲ್‌ನಲ್ಲಿ ಅಡ್ಡ ಕೂರುತ್ತದೆ. ಸ್ವೀಡನ್ನಿನ ರಸಾಯನ ವಿಜ್ಞಾನಿ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಇದನ್ನು ತಯಾರಿಸಿದರು.

ಕೀವು ತುಂಬಿದ ಹಲ್ಲಿಗೆ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ ಅನ್ನುವುದು ಇದಕ್ಕೇ. ಸೋಂಕಾದ ಜಾಗದಲ್ಲಿ ಆಮ್ಲ ಜಾಸ್ತಿ. ಔಷಧ ಹೊರಗೇ ಚಾರ್ಜ್ ಪಡೆದುಬಿಡುತ್ತದೆ, ಪೊರೆ ದಾಟುವುದು ಕಷ್ಟ. ಆಗ ಡಾಕ್ಟರ್ ಸೋಂಕಿನಿಂದ ದೂರದಲ್ಲಿ, ನರ ಹಾದುಹೋಗುವ ದಾರಿಯಲ್ಲೇ ಇಂಜೆಕ್ಷನ್ ಕೊಡಬಹುದು. ಇನ್ನೂ ಚುರುಕ್ ಅಂದರೆ ಸುಮ್ನೆ ಹಲ್ಲು ಕಚ್ಚಿ ತಡೆದುಕೊಳ್ಳಬೇಡಿ. ಕೈ ಎತ್ತಿ ಹೇಳಿ. ಅದು ನಿಮ್ಮ ಹೆದರಿಕೆ ಅಲ್ಲ, ನಿಜವಾದ ನೋವು.

ಆದರೆ ಒತ್ತಿದ್ದು, ಅಲ್ಲಾಡಿಸಿದ್ದು ಗೊತ್ತಾದರೆ ಗಾಬರಿ ಬೇಡ. ನೋವು ಹೊರುವ ತೆಳು ನರಗಳು ಬೇಗ ಮರಗಟ್ಟುತ್ತವೆ, ಒತ್ತಡ ತಿಳಿಸುವ ದಪ್ಪ ನರಗಳು ಅಷ್ಟು ಸುಲಭಕ್ಕೆ ಸುಮ್ಮನಾಗುವುದಿಲ್ಲ.

ಕೆಲವರಿಗೆ ಎದೆ ಡವಡವ ಅನ್ನುತ್ತದೆ. ಅದು ಔಷಧದ ಜೊತೆಗಿರುವ ಅಡ್ರಿನಲಿನ್‌ನಿಂದ ಇರಬಹುದು. ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿ ಮಾಡಿ, ಔಷಧ ಬೇಗ ಹರಿದು ಹೋಗದಂತೆ ಹಿಡಿದಿಡುತ್ತದೆ. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ.

(ದೃಶ್ಯ: ಒಂದು ಮಗುವಿನ ಮುಖ)

ಸಾಮಾನ್ಯವಾಗಿ ಹಲ್ಲಿನ ಜೋಮು ಮೊದಲು ಇಳಿಯುತ್ತದೆ. ತುಟಿಯದ್ದು ಇನ್ನೂ ಕೆಲವು ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ಮಕ್ಕಳು ತುಟಿ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಾರೆ, ನೋವೇ ಗೊತ್ತಾಗುವುದಿಲ್ಲ. ತುಟಿ ಜುಮ್ಮೆಂದು ಮತ್ತೆ ಎಚ್ಚರವಾಗುವ ತನಕ ಅಗಿಯುವಂಥದ್ದು ಏನೂ ಕೊಡಬೇಡಿ.